ಎಂಟೆತ್ತಿನ ನೇಗಿಲು, ಮೂರು ಹೊಲದ ಲೆಕ್ಕ

ಗೊಬ್ಬರದ ಚೀಲವಿಲ್ಲ, ಹೈಬ್ರಿಡ್ ಬೀಜವಿಲ್ಲ, ಕೃಷಿ ಇಲಾಖೆಯಂತೂ ಇಲ್ಲವೇ ಇಲ್ಲ. ಆದರೂ ಕ್ರಿ.ಶ. 1000ರಿಂದ 1300ರ ನಡುವೆ ಯುರೋಪಿನ ರೈತರು ಹೆಚ್ಚುಕಡಿಮೆ ಎರಡು ಪಟ್ಟು ಬಾಯಿಗಳಿಗೆ ರೊಟ್ಟಿ ಒದಗಿಸಿದರು. ಅಂಟುವ ಜೇಡಿಮಣ್ಣು, ಎಂಟು ಎತ್ತು, ಒಂದು ಹಿಡಿ ಬಟಾಣಿ, ಊರೊಟ್ಟಿನ ಕಟ್ಟಳೆ: ಇಷ್ಟರಲ್ಲೇ ಗೆದ್ದ ಬೇಸಾಯದ ಕಥೆ ಇದು. ಅದು ಮುಗ್ಗರಿಸಿದ ಕಥೆಯೂ ಹೌದು.

ನವೆಂಬರ್ ಕೊನೆಯ ದಿನಗಳು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಸೀಮೆಯ ಲ್ಯಾಕ್ಸ್‌ಟನ್ ಎಂಬ ಹಳ್ಳಿ. ದಪ್ಪ ಕೋಟು, ಮೊಣಕಾಲುದ್ದದ ರಬ್ಬರ್ ಬೂಟು ತೊಟ್ಟ ರೈತರ ಗುಂಪೊಂದು ಗೋಧಿ ಹೊಲದ ಅಂಚಿನಲ್ಲಿ ನಡೆಯುತ್ತಿದೆ. ಜತೆಗೆ ಮರದ ಗೂಟಗಳು, ಗೂಟ ಹೊಡೆಯಲು ಸುತ್ತಿಗೆ. ಪೈರಿನ್ನೂ ಬೆರಳೆತ್ತರ. ಇವರು ನೋಡಲು ಬಂದಿರುವುದು ಪೈರನ್ನಲ್ಲ, ಅದರ ಪಕ್ಕದ ಹುಲ್ಲಿನ ಪಟ್ಟಿಯನ್ನು.

ಆ ಹುಲ್ಲು ಊರಿನದು. ಉಳುವಾಗ ಯಾರಾದರೂ ಒಂದು ಸಾಲು ಆಚೆ ಸರಿದು ಅದನ್ನು ಮಗುಚಿದ್ದಾರೆಯೇ? ಹೊಲದ ದಾರಿಯನ್ನು ಕಿರಿದು ಮಾಡಿದ್ದಾರೆಯೇ? ಮಾಡಿದ್ದರೆ ಸರಿಯಾದ ಗಡಿಗೆ ಗೂಟ ಬೀಳುತ್ತದೆ, ಹೆಸರು ಕಾಗದಕ್ಕೆ ಏರುತ್ತದೆ. ಮುಂದಿನ ವಾರ ಊರಿನ ಡವ್‌ಕೋಟ್ ಇನ್ ಎಂಬ ಪಬ್‌ನಲ್ಲಿ ‘ಕೋರ್ಟ್ ಲೀಟ್’ ಸೇರಿ ದಂಡ ಹಾಕುತ್ತದೆ.

ಪ್ರವಾಸಿಗರಿಗಾಗಿ ನಡೆಸುವ ವೇಷದಾಟ ಇದಲ್ಲ. ಇಂಥ ಹಳೆಯ ಜಮೀನ್ದಾರಿ ನ್ಯಾಯಾಲಯಗಳ ಅಧಿಕಾರವನ್ನು ಬ್ರಿಟನ್ 1977ರ ಕಾಯ್ದೆಯಲ್ಲಿ ಕಿತ್ತುಹಾಕಿದಾಗಲೂ ಲ್ಯಾಕ್ಸ್‌ಟನ್ನಿನದನ್ನು ಮುಟ್ಟಲಿಲ್ಲ. ಊರಿಗೆ ಮೂರು ದೊಡ್ಡ ಹೊಲಗಳು: ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್. ಒಳಗೆ ಬೇಲಿಯಿಲ್ಲ, ಒಬ್ಬೊಬ್ಬ ರೈತನಿಗೂ ಮೂರರಲ್ಲೂ ಚದುರಿದ ಪಟ್ಟಿಗಳು. 1635ರಲ್ಲಿ ಬಿಡಿಸಿದ ಊರ ನಕ್ಷೆಯಲ್ಲಿ ಆ ಪಟ್ಟಿಗಳು ಒಂದೊಂದಾಗಿ ಕಾಣುತ್ತವೆ. ಪದ್ಧತಿ ಅದಕ್ಕಿಂತಲೂ ಎಷ್ಟೋ ಶತಮಾನ ಹಳೆಯದು.

ಇಂದು ಇಂಥ ಹಳ್ಳಿಗಾಗಿ ಹುಡುಕಬೇಕು. ಎಂಟುನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ನಡುನಾಡಿನಿಂದ ಉತ್ತರ ಫ್ರಾನ್ಸ್, ಜರ್ಮನಿ, ಡೆನ್ಮಾರ್ಕ್‌ವರೆಗೆ ಸಾವಿರಾರು ಹಳ್ಳಿಗಳು ಹೆಚ್ಚುಕಡಿಮೆ ಹೀಗೆಯೇ ಬದುಕುತ್ತಿದ್ದವು. ಮಧ್ಯಯುಗವೆಂದರೆ ಕತ್ತಲ ಕಾಲ, ಕೋಟೆ, ಕತ್ತಿ, ಪ್ಲೇಗು ಎಂದಷ್ಟೇ ಶಾಲೆಯಲ್ಲಿ ಓದಿದ ನಮಗೆ ಆ ಹೊಲಗಳಲ್ಲಿ ಏನು ನಡೆಯುತ್ತಿತ್ತೆಂಬುದು ಹೊಸ ಸುದ್ದಿ.

ಒಂದಕ್ಕೆ ಎರಡು

ಮೊದಲು ಹೊಟ್ಟೆಯ ಲೆಕ್ಕ. ಒಂಬತ್ತನೆಯ ಶತಮಾನದ ಆರಂಭದಲ್ಲಿ, ಚಕ್ರವರ್ತಿ ಶಾರ್ಲ್‌ಮೇನನ ಕಾಲದ ಆಸುಪಾಸಿನಲ್ಲಿ, ಉತ್ತರ ಫ್ರಾನ್ಸಿನ ಅನಾಪ್ ಎಂಬಲ್ಲಿದ್ದ ಅರಮನೆಯ ಜಮೀನಿನ ದಾಸ್ತಾನು ಪಟ್ಟಿಯೊಂದು ಉಳಿದುಬಂದಿದೆ. ಕೊಯ್ಲಾದ ಧಾನ್ಯವೆಷ್ಟು, ಮತ್ತೆ ಬಿತ್ತಲು ಎತ್ತಿಟ್ಟದ್ದೆಷ್ಟು ಎಂಬುದು ಅದರಲ್ಲಿದೆ. ಲೆಕ್ಕ ಹಾಕಿದ ಇತಿಹಾಸಕಾರರು ಬೆಚ್ಚಿದರು: ಒಂದು ಚೀಲ ಬಿತ್ತಿದರೆ ಎರಡು ಚೀಲವೂ ನೆಟ್ಟಗೆ ಬಂದಿರಲಿಲ್ಲ! ಅದು ಕೆಟ್ಟ ವರ್ಷವಾಗಿದ್ದಿರಬೇಕು ಎಂದು ಈಗಿನವರು ಎಚ್ಚರಿಸುತ್ತಾರೆ. ಆದರೂ ಆ ಕಾಲಕ್ಕೆ ಎರಡು ಮೂರು ಪಟ್ಟು ಸಿಕ್ಕರೆ ಅದೇ ಪುಣ್ಯ.

ಹದಿಮೂರನೆಯ ಶತಮಾನಕ್ಕೆ ಬನ್ನಿ. ಇಂಗ್ಲೆಂಡಿನ ವಿಂಚೆಸ್ಟರ್ ಬಿಷಪ್ಪನ ಜಮೀನುಗಳ ಲೆಕ್ಕದ ಸುರುಳಿಗಳು 1208ರಿಂದಲೇ ಸಿಗುತ್ತವೆ. ಅಲ್ಲಿ ಗೋಧಿಯ ಇಳುವರಿ ಸರಾಸರಿ ನಾಲ್ಕು ಪಟ್ಟಿನ ಹತ್ತಿರ. ನಾಲ್ಕು ಪಟ್ಟು ಎಂದರೆ ನಮಗೆ ನಗು ಬರಬಹುದು. ಆದರೆ ಲೆಕ್ಕವನ್ನು ರೈತನ ಕಣಜದ ಬಾಗಿಲಲ್ಲಿ ನಿಂತು ಹಾಕಬೇಕು. ಎರಡು ಚೀಲ ಬಂದಾಗ ಒಂದು ಬೀಜಕ್ಕೆ ಹೋದರೆ ಉಣ್ಣಲು ಉಳಿಯುವುದು ಒಂದು. ನಾಲ್ಕು ಬಂದಾಗ ಉಳಿಯುವುದು ಮೂರು. ಇಳುವರಿ ಇಮ್ಮಡಿ, ಊಟ ಮುಮ್ಮಡಿ.

ಇಷ್ಟು ಕಡಿಮೆ ಯಾಕೆ ಎಂದರೆ, ಒಂದು ಕಾರಣ ಬಿತ್ತುವ ರೀತಿಯಲ್ಲೇ ಇತ್ತು. ನಮ್ಮ ಕೂರಿಗೆಯಂಥ ಸಾಧನ ಮಧ್ಯಯುಗದ ಯುರೋಪಿನಲ್ಲಿ ಇರಲಿಲ್ಲ. ಮಡಿಲಿನಿಂದ ಬೀಜ ತೆಗೆದು ಎರಚುವುದೇ. ಒಂದಷ್ಟು ಕಾಳು ಹಕ್ಕಿಯ ಪಾಲು, ಉಳಿದದ್ದರಲ್ಲಿ ಒಂದಷ್ಟು ಮಣ್ಣಿನ ಮೇಲೇ ಒಣಗಿದ್ದು.

ಮಣ್ಣು ಮಗುಚಿದ ಯಂತ್ರ

ರೋಮನ್ನರ ನೇಗಿಲು ಮೆಡಿಟರೇನಿಯನ್ ತೀರದ ತೆಳುಮಣ್ಣಿಗೆ ಹೇಳಿ ಮಾಡಿಸಿದ್ದು. ಮರದ ಮೊನೆ, ಕೆಲವೊಮ್ಮೆ ಕಬ್ಬಿಣದ ಗುಳ. ನೆಲವನ್ನು ಗೀರುತ್ತಾ ಹೋಗುತ್ತದೆ, ಮಗುಚುವುದಿಲ್ಲ. ಮಳೆ ಕಡಿಮೆ ಇರುವಲ್ಲಿ ತೇವ ಉಳಿಸಲು ಅದೇ ಲೇಸು. ಒಂದು ಜೋಡಿ ಎತ್ತು ಸಾಕು. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಉತ್ತರೆ ಹೊಲ ಹದಕ್ಕೆ ಬರುತ್ತಿತ್ತು.

ಆಲ್ಪ್ಸ್ ದಾಟಿ ಉತ್ತರಕ್ಕೆ ಹೋದರೆ ಕಥೆಯೇ ಬೇರೆ. ಅಲ್ಲಿ ವರ್ಷವಿಡೀ ಜಿನುಗುವ ಮಳೆ, ಕಾಲಿಗೆ ಅಂಟಿದರೆ ಬಿಡದ ಜೇಡಿ. ಕಣಿವೆಗಳ ತಳದ ಕಸುವುಳ್ಳ ಮಣ್ಣೆಲ್ಲ ಹೀಗೆ ಕೆಸರಾಗಿ ಬಿದ್ದಿತ್ತು. ಗೀರುವ ನೇಗಿಲಿಗೆ ಅದು ಜಗ್ಗುತ್ತಿರಲಿಲ್ಲ.

ಅದಕ್ಕೆ ಉತ್ತರವಾಗಿ ಬಂದದ್ದು ಭಾರದ ನೇಗಿಲು. ಮುಂದೆ ನೆಟ್ಟಗೆ ನಿಂತ ಕಬ್ಬಿಣದ ಕತ್ತಿ. ಅದು ಹುಲ್ಲಿನ ಬೇರುಗಳನ್ನು ಕೊಯ್ದುಕೊಂಡು ಹೋಗುತ್ತದೆ. ಹಿಂದೆ ಅಗಲವಾದ ಗುಳ; ಅದು ಹೆಂಟೆಯನ್ನು ಅಡಿಯಿಂದ ಕತ್ತರಿಸುತ್ತದೆ. ಅದರ ಬೆನ್ನಿಗೆ ಓರೆಯಾಗಿ ಕೂರಿಸಿದ ಹಲಗೆ. ಕತ್ತರಿಸಿದ ಹೆಂಟೆಯನ್ನು ಅದು ಒಂದೇ ಮಗ್ಗುಲಿಗೆ ಬೋರಲು ಹಾಕುತ್ತದೆ. ಎಷ್ಟೋ ಕಡೆ ಮುಂಭಾಗಕ್ಕೆ ಗಾಲಿ. ಉತ್ತರ ಕರ್ನಾಟಕದ ಎರೆಹೊಲದಲ್ಲಿ ರಂಟೆ ಹೊಡೆಯುವುದನ್ನು ಕಂಡವರಿಗೆ ಈ ಕೆಲಸದ ಗತ್ತು ಗೊತ್ತು: ಕಳೆ ಬೇರುಸಹಿತ ಅಡಿಗೆ, ಅಡಿಯ ಸಾರ ಮೇಲಕ್ಕೆ.

ಇದನ್ನು ಕಂಡುಹಿಡಿದವನ ಹೆಸರು ಯಾರಿಗೂ ಗೊತ್ತಿಲ್ಲ. ಒಬ್ಬನೇ ಕಂಡುಹಿಡಿದದ್ದೂ ಅಲ್ಲ. ಗಾಲಿಯ ನೇಗಿಲಿನ ಮಾತು ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿಯಲ್ಲೇ ಬರುತ್ತದೆ. ಇಂಗ್ಲೆಂಡಿನ ಕೆಂಟ್ ಸೀಮೆಯ ಲಿಮಿಂಜ್‌ನಲ್ಲಿ 2010ರಲ್ಲಿ ಅಗೆದಾಗ ಏಳನೆಯ ಶತಮಾನದ ನೇಗಿಲ ಕತ್ತಿಯೊಂದು ಸಿಕ್ಕಿತು. ಆದರೆ ಊರೂರಿಗೆ ಹಬ್ಬಲು ಇನ್ನೂ ಮುನ್ನೂರು ನಾನೂರು ವರ್ಷ ಬೇಕಾಯಿತು. ಕಬ್ಬಿಣ ದುಬಾರಿ, ಎತ್ತು ಇನ್ನೂ ದುಬಾರಿ.

ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಜೇಡಿಮಣ್ಣಿನ ಪ್ರದೇಶಗಳನ್ನು ಉಳಿದ ಪ್ರದೇಶಗಳೊಡನೆ ಹೋಲಿಸಿ ನೋಡಿತು. ಭಾರದ ನೇಗಿಲು ಹಬ್ಬಿದ ಮೇಲೆ ಜೇಡಿಮಣ್ಣಿನ ಸೀಮೆಗಳಲ್ಲೇ ಜನವೂ ಪೇಟೆಗಳೂ ಹೆಚ್ಚು ಬೆಳೆದವೆಂದು ಅದು ಕಂಡಿತು.

ನೇಗಿಲು ಒಂದೇ ಮಗ್ಗುಲಿಗೆ ಮಣ್ಣು ಹಾಕುವುದರಿಂದ ಪಟ್ಟಿಯ ನಡುಭಾಗ ವರ್ಷದಿಂದ ವರ್ಷಕ್ಕೆ ಉಬ್ಬಿ ದಿಬ್ಬವಾಗುತ್ತಿತ್ತು, ಎರಡು ದಿಬ್ಬಗಳ ನಡುವೆ ಕಾಲುವೆ. ಅತಿವೃಷ್ಟಿಯಾದರೆ ದಿಬ್ಬದ ಪೈರು ಉಳಿಯಿತು, ಮಳೆ ಕೈಕೊಟ್ಟರೆ ತಗ್ಗಿನದು. ಉದ್ದನೆಯ ಎತ್ತಿನ ಸಾಲನ್ನು ಹೊಲದ ಕೊನೆಯಲ್ಲಿ ತಿರುಗಿಸಲು ಮುಂಚೆಯೇ ಓರೆಗೆಳೆಯಬೇಕಿತ್ತಾದ್ದರಿಂದ ಪಟ್ಟಿಗಳು ನೇರವಾಗಿರದೆ ಹಾವಿನಂತೆ ಸ್ವಲ್ಪ ಬಳುಕಿದವು. ಇಂಗ್ಲೆಂಡಿನ ನಡುನಾಡಿನಲ್ಲಿ ಮುಂದೆ ಹುಲ್ಲುಗಾವಲಾದ ಜಮೀನುಗಳಲ್ಲಿ ಆ ಏರಿಳಿತ ಹಾಗೇ ಉಳಿದುಬಿಟ್ಟಿದೆ. ಇಳಿಬಿಸಿಲಿನಲ್ಲಿ ಅಥವಾ ತೆಳುವಾಗಿ ಹಿಮ ಬಿದ್ದಾಗ ರೈಲಿನ ಕಿಟಕಿಯಿಂದಲೇ ಕಾಣುತ್ತದೆ.

ಬಾಕ್ಸ್: ಪಹಣಿಯೊಳಗಿನ ಎತ್ತು

*ಒಂದು ಸಾಲು ನೇಗಿಲು ಎಳೆದು ಎತ್ತುಗಳು ಉಸಿರು ಬಿಡಲು ನಿಲ್ಲುವ ದೂರವನ್ನು ಇಂಗ್ಲಿಷರು ‘ಫರ್ಲಾಂಗ್’ ಎಂದರು. ಅದು 220 ಗಜಕ್ಕೆ ನಿಂತಿತು. ಅಷ್ಟುದ್ದ, 22 ಗಜ ಅಗಲದ ಪಟ್ಟಿಯೇ ಒಂದು ಎಕರೆ, ಅಂದರೆ 4,840 ಚದರ ಗಜ. ಒಂದು ದಿನಕ್ಕೆ ಉಳಬಹುದಾದ ನೆಲ ಎಂಬುದು ಅದರ ಹಳೆಯ ಅರ್ಥ. ಬ್ರಿಟಿಷರೊಡನೆ ಹಡಗು ಹತ್ತಿ ಬಂದ ಆ ಎಕರೆಯನ್ನು ನಾವು 40 ಗುಂಟೆಗಳಾಗಿ ಒಡೆದುಕೊಂಡು ಇವತ್ತಿಗೂ ಪಹಣಿಯಲ್ಲಿ ಬರೆಯುತ್ತಿದ್ದೇವೆ. ಎಕರೆ ಪಟ್ಟಿಯ ಅಗಲ 22 ಗಜ ಎಂದೊಡನೆ ಕ್ರಿಕೆಟ್ ಪ್ರಿಯರ ಕಿವಿ ನಿಮಿರಿರಬೇಕು. ಪಿಚ್‌ನ ಉದ್ದವೂ ಅಷ್ಟೇ.*

ಎಂಟು ಎತ್ತು ಯಾರ ಮನೆಯಲ್ಲಿವೆ?

ಇಂಗ್ಲೆಂಡಿನ ದೊರೆ ವಿಲಿಯಂ 1086ರಲ್ಲಿ ಮಾಡಿಸಿದ ‘ಡೂಮ್ಸ್‌ಡೇ’ ಸಮೀಕ್ಷೆ ಊರೂರಿನ ನೇಗಿಲುಗಳನ್ನು ಎಣಿಸಿತು. ಒಂದು ನೇಗಿಲೆಂದರೆ ಎಂಟು ಎತ್ತು, ಇದು ಅದರ ಲೆಕ್ಕ. ಹೊಲದಲ್ಲಿ ಯಾವಾಗಲೂ ಎಂಟೇ ಕಟ್ಟುತ್ತಿದ್ದರೆಂದಲ್ಲ. 1325–40ರ ಸುಮಾರಿಗೆ ಲಿಂಕನ್‌ಶೈರಿನ ಜಮೀನ್ದಾರನೊಬ್ಬನಿಗಾಗಿ ಬರೆದ, ‘ಲಟ್ರೆಲ್ ಸಾಲ್ಟರ್’ ಎಂದು ಹೆಸರಾದ ಪ್ರಾರ್ಥನಾ ಗ್ರಂಥದ ಅಂಚಿನಲ್ಲಿ ಉಳುಮೆಯ ಚಿತ್ರವಿದೆ. ಅಲ್ಲಿ ನಾಲ್ಕು ಎತ್ತು. ಮೇಳಿ ಹಿಡಿದವನೊಬ್ಬ, ಉದ್ದನೆಯ ಚಾಟಿ ಹಿಡಿದು ಎತ್ತು ಹೊಡೆಯುವವನು ಇನ್ನೊಬ್ಬ. ಬಣ್ಣ ಇನ್ನೂ ಮಾಸಿಲ್ಲ.

ನಾಲ್ಕಿರಲಿ ಎಂಟಿರಲಿ, ಸಾಮಾನ್ಯ ರೈತನ ಕೊಟ್ಟಿಗೆಯಲ್ಲಿ ಅಷ್ಟಿರಲಿಲ್ಲ. ಒಬ್ಬನ ಬಳಿ ಎರಡು, ಇನ್ನೊಬ್ಬನ ಬಳಿ ಒಂದು, ಮಗದೊಬ್ಬನದು ಬರೀ ನೇಗಿಲು. ಕೂಡಿಕೊಳ್ಳದೆ ಗತಿಯಿಲ್ಲ. ಎತ್ತು ಕೂಡಿಸಿದ ಮೇಲೆ ಯಾರ ಹೊಲ ಮೊದಲು ಎಂಬ ಜಗಳ. ಆ ಜಗಳಕ್ಕೊಂದು ಕಟ್ಟಳೆ. ಕಟ್ಟಳೆ ಮುರಿದವನಿಗೊಂದು ನ್ಯಾಯಾಲಯ. ಮಧ್ಯಯುಗದ ಕೃಷಿ ಸುಧಾರಣೆಯ ಪುಸ್ತಕಗಳು ನೇಗಿಲಿನ ಚಿತ್ರಕ್ಕೆ ಕೊಡುವಷ್ಟು ಜಾಗವನ್ನು ಈ ಪಂಚಾಯಿತಿಗೆ ಕೊಡುವುದಿಲ್ಲ ಎಂಬುದು ನನ್ನ ತಕರಾರು. ಕಮ್ಮಾರ ನೇಗಿಲು ಮಾಡಿಕೊಟ್ಟಾನು. ಅದನ್ನು ಎಳೆಯಬೇಕಾದದ್ದು ಊರು.

ಪಟ್ಟಿಗಳು ಚದುರಿಹೋದದ್ದು ಯಾಕೆ ಎಂಬುದಕ್ಕೆ ವಿದ್ವಾಂಸರು ಇಂದಿಗೂ ಕಿತ್ತಾಡುತ್ತಾರೆ. ಎತ್ತು ಕೊಟ್ಟವರಿಗೆ ಸರದಿಯಲ್ಲಿ ಪಟ್ಟಿ ಹಂಚಿದ್ದರಿಂದ ಎಂದು ಕೆಲವರು. ಮಕ್ಕಳು ಪಾಲು ಮಾಡಿಕೊಂಡಿದ್ದರಿಂದ ಎಂದು ಇನ್ನು ಕೆಲವರು. ಅರ್ಥಶಾಸ್ತ್ರಜ್ಞೆ ಡೀರ್ಡ್ರೆ ಮೆಕ್ಲಾಸ್ಕಿ 1970ರ ದಶಕದಲ್ಲಿ ಬೇರೊಂದು ವಾದ ಹೂಡಿದರು: ಇದು ಬಡವರ ಬೆಳೆ ವಿಮೆ. ಮೇಲಿನ ಹೊಲ ಒಣಗಿದರೆ ತಗ್ಗಿನ ಹೊಲ, ಇಲ್ಲಿ ರೋಗ ಬಿದ್ದರೆ ಅಲ್ಲಿ ಬೆಳೆ. ಒಂದೇ ಕಡೆ ಜಮೀನಿದ್ದರೆ ಸರಾಸರಿಯಲ್ಲಿ ಸ್ವಲ್ಪ ಹೆಚ್ಚು ಬೆಳೆಯಬಹುದು, ಆದರೆ ಕೆಟ್ಟ ವರ್ಷದಲ್ಲಿ ಸಾಯುತ್ತೀರಿ. ರೈತರ ಮನೆಯಲ್ಲಿ ಹುಟ್ಟಿದವರಿಗೆ ಈ ವಾದ ತಟ್ಟನೆ ಹಿಡಿಸುತ್ತದೆ.

ಮೂರನೆಯ ಹೊಲ

ನೆಲಕ್ಕೂ ವಿಶ್ರಾಂತಿ ಬೇಕೆಂಬುದು ಹಳೆಯ ತಿಳಿವಳಿಕೆ. ಹಿಂದೆ ಊರ ಜಮೀನನ್ನು ಎರಡು ಪಾಲು ಮಾಡಿ, ಒಂದರಲ್ಲಿ ಬೆಳೆದು ಇನ್ನೊಂದನ್ನು ಬೀಳು ಬಿಡುತ್ತಿದ್ದರು. ಎಂಟನೆಯ ಶತಮಾನದ ಕೊನೆಗೆ ಉತ್ತರ ಫ್ರಾನ್ಸ್, ಜರ್ಮನಿಯ ಮಠಗಳ ಜಮೀನಿನಲ್ಲಿ ಮೂರು ಪಾಲಿನ ಪದ್ಧತಿ ಕಾಣಿಸಿಕೊಳ್ಳುತ್ತದೆ.

ಒಂದು ಹೊಲಕ್ಕೆ ಚಳಿಗಾಲಕ್ಕೆ ಮುಂಚೆ ಗೋಧಿ ಅಥವಾ ರೈ. ಎರಡನೆಯದಕ್ಕೆ ವಸಂತದಲ್ಲಿ ಬಾರ್ಲಿ, ಓಟ್ಸ್, ಬಟಾಣಿ, ಅವರೆ ಜಾತಿಯ ಬೀನ್ಸ್. ಮೂರನೆಯದು ಬೀಳು. ಮುಂದಿನ ವರ್ಷ ಸರದಿ ಬದಲು.

600 ಎಕರೆಯ ಊರನ್ನು ತೆಗೆದುಕೊಳ್ಳಿ. ಎರಡು ಪಾಲಿದ್ದಾಗ ಬೆಳೆ 300 ಎಕರೆಯಲ್ಲಿ. ಮೂರು ಪಾಲಾದರೆ 400ರಲ್ಲಿ. ಹೊಸದಾಗಿ ಒಂದಡಿ ಕಾಡು ಕಡಿಯದೆ ಮೂರನೇ ಒಂದರಷ್ಟು ಹೆಚ್ಚು ಬೆಳೆ. ಉಳುಮೆ ವರ್ಷದ ಎರಡು ಹಂಗಾಮಿಗೆ ಹಂಚಿಹೋಗಿ ಎತ್ತುಗಳ ಮೇಲಿನ ಒತ್ತಡವೂ ತಗ್ಗಿತು. ಗೋಧಿ ಕೈಕೊಟ್ಟರೆ ಬಾರ್ಲಿಯ ಗಂಜಿಯಾದರೂ ಉಂಟು ಎಂಬ ಧೈರ್ಯ ಬಂತು.

ದೊಡ್ಡ ಲಾಭ ಕಣ್ಣಿಗೆ ಕಾಣದ್ದು. ಬಟಾಣಿ, ಬೀನ್ಸ್ ಬೆಳೆದ ನೆಲದಲ್ಲಿ ಮುಂದಿನ ಪೈರು ಚೆನ್ನಾಗಿ ಬರುತ್ತದೆಂದು ರೈತರು ಕಂಡಿದ್ದರು. ಆ ಬೇರಿನ ಗಂಟುಗಳೊಳಗಿನ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆಂದು ಜರ್ಮನಿಯ ಹೆಲ್‌ರೀಗಲ್ ಮತ್ತು ವಿಲ್‌ಫಾರ್ಟ್ ತೋರಿಸಿಕೊಟ್ಟದ್ದು 1880ರ ದಶಕದಲ್ಲಿ. ಅಂದರೆ ಸಾವಿರ ವರ್ಷ ತಡವಾಗಿ. ಊಟದ ತಟ್ಟೆಗೂ ಕಾಳು ಬಂತು. ಮಾಂಸ ಹಬ್ಬಕ್ಕಷ್ಟೇ ಕಾಣುತ್ತಿದ್ದ ಮನೆಗಳಲ್ಲಿ ಬಟಾಣಿಯ ಸಾರೇ ಪ್ರೋಟೀನು. ಕಾದಂಬರಿಕಾರ ಉಂಬರ್ಟೊ ಎಕೊ ಕಳೆದ ಸಹಸ್ರಮಾನದ ದೊಡ್ಡ ಆವಿಷ್ಕಾರ ಯಾವುದೆಂಬ ಚರ್ಚೆಯಲ್ಲಿ ಬೀನ್ಸ್ ಪರ ನಿಂತು ಲೇಖನ ಬರೆದದ್ದುಂಟು. ಆತನ ಮಾತಿನಲ್ಲಿ ತಮಾಷೆ ಇತ್ತು, ಆದರೆ ಬರೀ ತಮಾಷೆಯಲ್ಲ.

ಮೂರು ಹೊಲದ ಪದ್ಧತಿಗೆ ಒಂದು ಷರತ್ತು: ಒಬ್ಬನೇ ಮಾಡುವಂತಿಲ್ಲ. ಕೊಯ್ಲು ಮುಗಿದ ಕೂಡಲೇ ಊರ ದನ, ಕುರಿ ಆ ಹೊಲಕ್ಕೆ ನುಗ್ಗುತ್ತಿದ್ದವು. ಕೂಳೆ ತಿಂದು ಅಲ್ಲೇ ಗೊಬ್ಬರ ಹಾಕಬೇಕು. ನಡುವೆ ಯಾರಾದರೂ ತಡವಾಗಿ ಬಿತ್ತಿದ್ದರೆ ಅವನ ಬೆಳೆ ದನದ ಬಾಯಿಗೆ. ಹಾಗಾಗಿ ಏನು ಬಿತ್ತಬೇಕು, ಯಾವತ್ತು ಕೊಯ್ಯಬೇಕು, ದನ ಯಾವತ್ತು ಬಿಡಬೇಕು ಎಲ್ಲವೂ ಊರ ತೀರ್ಮಾನ. ಹದಿಮೂರನೆಯ ಶತಮಾನದ ಇಂಗ್ಲಿಷ್ ಹಳ್ಳಿಗಳ ಕಟ್ಟಳೆಗಳನ್ನು ಓದಿದರೆ ಅಲ್ಲಿನ ಗುಮಾನಿಗಳೆಲ್ಲ ಎದ್ದು ಬರುತ್ತವೆ: ರಾತ್ರಿ ಹೊತ್ತು ಹೊಲದಿಂದ ಸಿವುಡು ಸಾಗಿಸುವಂತಿಲ್ಲ. ಕೂಲಿಗೆ ಕೊಯ್ಯುವಷ್ಟು ಮೈಯಲ್ಲಿ ಕಸುವಿರುವವರು ತೆನೆ ಆಯುವಂತಿಲ್ಲ. ಅದು ಮುದುಕರಿಗೆ, ಎಳೆಯರಿಗೆ, ಕೈಲಾಗದವರಿಗೆ ಬಿಟ್ಟದ್ದು.

ದಕ್ಷಿಣ ಯುರೋಪಿನಲ್ಲಿ ಈ ಮೂರರ ಆಟ ನಡೆಯಲಿಲ್ಲ. ಅಲ್ಲಿ ಬೇಸಿಗೆಯಲ್ಲಿ ಮಳೆಯೇ ಇಲ್ಲ, ವಸಂತದ ಬಿತ್ತನೆ ಸುಟ್ಟುಹೋಗುತ್ತದೆ. ಆ ಕಡೆಯ ಸುಧಾರಣೆ ನೀರಿನ ದಾರಿಯಲ್ಲಿ ಬಂತು.

ಬಾಕ್ಸ್: ಗುರುವಾರ ಮಧ್ಯಾಹ್ನದ ನ್ಯಾಯಾಲಯ

*ಮುಸ್ಲಿಂ ಆಳ್ವಿಕೆಯ ಸ್ಪೇನಿಗೆ ಭತ್ತ, ಕಬ್ಬು, ಹತ್ತಿ, ಬದನೆ, ಪಾಲಕ್, ಕಿತ್ತಳೆ, ನಿಂಬೆ ಬಂದವು. ಇವುಗಳಲ್ಲಿ ಎಷ್ಟೋ ಬೆಳೆಗಳು ಭಾರತದ ಕಡೆಯಿಂದ ಇರಾನ್, ಅರಬ್ ನಾಡುಗಳ ಮೂಲಕ ಸಾಗಿದವು. ಬೇಸಿಗೆಯಲ್ಲಿ ನೀರು ಕೇಳುವ ಈ ಬೆಳೆಗಳಿಗಾಗಿ ಕಾಲುವೆ, ಏತದ ಗಾಲಿಗಳ ಜಾಲ ಎದ್ದಿತು. ಸೆವಿಲ್‌ನ ಇಬ್ನ್ ಅಲ್-ಅವ್ವಾಮ್ ಹನ್ನೆರಡನೆಯ ಶತಮಾನದಲ್ಲಿ ಬರೆದ ಕೃಷಿ ಗ್ರಂಥ ಐನೂರಕ್ಕೂ ಹೆಚ್ಚು ಸಸ್ಯಗಳ ಮಾತಾಡುತ್ತದೆ. ವೆಲೆನ್ಸಿಯಾದಲ್ಲಿ ಕಾಲುವೆ ನೀರಿನ ಜಗಳ ಬಿಡಿಸುವ ರೈತರ ನ್ಯಾಯಾಲಯ ಈಗಲೂ ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಕ್ಯಾಥೆಡ್ರಲ್ ಬಾಗಿಲಲ್ಲಿ ಸೇರುತ್ತದೆ. ವಿಚಾರಣೆಯೆಲ್ಲ ಬಾಯಿಮಾತಿನಲ್ಲೇ. 2009ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.*

ಎತ್ತೋ, ಕುದುರೆಯೋ

ಎತ್ತು ನಿಧಾನಿ. ಕುದುರೆ ಚುರುಕು, ದಿನಕ್ಕೆ ಒಂದೆರಡು ಗಂಟೆ ಹೆಚ್ಚು ದುಡಿಯುತ್ತದೆ. ಆದರೆ ಎತ್ತಿನ ನೊಗ ಕುದುರೆಯ ಮೈಗೆ ಒಗ್ಗುವುದಿಲ್ಲ. ಭುಜದ ಮೇಲೆ ಕೂರುವ ಮೆತ್ತೆಯ ಕೊರಳಪಟ್ಟಿ ಒಂಬತ್ತು ಹತ್ತನೆಯ ಶತಮಾನದ ಹೊತ್ತಿಗೆ ಯುರೋಪಿನಲ್ಲಿ ಬಳಕೆಗೆ ಬಂತು. ಕೆಸರಿನಲ್ಲಿ ಗೊರಸು ಸವೆಯದಂತೆ ಲಾಳ ಹೊಡೆಯುವುದೂ ಅದರ ಹಿಂದುಮುಂದೆ ಹಬ್ಬಿತು. ಕೊರಳಪಟ್ಟಿಗೂ ಮೊದಲು ಕುದುರೆ ಭಾರ ಎಳೆದರೆ ಉಸಿರುಗಟ್ಟುತ್ತಿತ್ತು ಎಂದು ಫ್ರೆಂಚ್ ಸೇನಾಧಿಕಾರಿ ಲಫೆವ್ರ್ ದೆ ನೊಯೆತ್ ಪ್ರಯೋಗ ಮಾಡಿ ಸಾರಿದ್ದ. ರೋಮನ್ನರ ಸಜ್ಜನ್ನು ಆತ ತಪ್ಪಾಗಿ ಜೋಡಿಸಿದ್ದನೆಂದು ಮುಂದೆ ಬೇರೆಯವರು ತೋರಿಸಿದರು. ಹಾಗಾಗಿ ‘ಕೊರಳಪಟ್ಟಿ ಬಂದು ಜಗತ್ತು ಬದಲಾಯಿತು’ ಎಂಬ ಹಳೆಯ ಕಥೆಯನ್ನು ಈಗ ಯಾರೂ ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ.

ಕುದುರೆ ಹೊಲಕ್ಕಿಳಿದದ್ದಂತೂ ನಿಜ. 1070ರ ದಶಕದ ಬಯೂ ಕಸೂತಿಪಟದ ಕೆಳ ಅಂಚಿನಲ್ಲಿ ಕುದುರೆಯೊಂದು ಹಲುಬೆ ಎಳೆಯುತ್ತಿದೆ. ಮೇಲೆ ದೊರೆಗಳ ಸಡಗರ, ಕೆಳಗೆ ಬಿತ್ತನೆ. ಪಕ್ಕದಲ್ಲೇ ಒಬ್ಬ ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದಾನೆ.

1280ರ ದಶಕದ ಸುಮಾರಿಗೆ ವಾಲ್ಟರ್ ಆಫ್ ಹೆನ್ಲಿ ಎಂಬಾತ ಜಮೀನು ನಿರ್ವಹಣೆಯ ಪುಸ್ತಕ ಬರೆದ. ಆತನ ಮತ ಎತ್ತಿಗೆ. ಕುದುರೆಗೆ ಓಟ್ಸ್ ಬೇಕು, ಲಾಳ ಬೇಕು, ಮುದಿಯಾದರೆ ಚರ್ಮವಷ್ಟೇ ಲಾಭ. ಎತ್ತಾದರೆ ಹುಲ್ಲು ತಿಂದು ಬದುಕುತ್ತದೆ, ಕೊನೆಗೆ ಮಾಂಸಕ್ಕೂ ಆದೀತು. ಇದು ಆ ಕಾಲದ, ಆ ನಾಡಿನ ಲೆಕ್ಕ. ಅದೇ ಪುಸ್ತಕದಲ್ಲಿ ಇನ್ನೊಂದು ಸಲಹೆಯಿದೆ, ನನಗೆ ಅದೇ ಹೆಚ್ಚು ಇಷ್ಟ: ಸ್ವಂತ ಹೊಲದ ಬೀಜಕ್ಕಿಂತ ಹೊರಗಿನ ಬೀಜ ಚೆನ್ನಾಗಿ ಬರುತ್ತದೆ ಎಂಬ ಮಾತು ನಂಬಿಕೆಯಾಗದಿದ್ದರೆ, ಪಕ್ಕಪಕ್ಕದ ಎರಡು ಪಟ್ಟಿಗಳನ್ನು ಒಟ್ಟಿಗೇ ಉತ್ತು, ಒಂದಕ್ಕೆ ಕೊಂಡ ಬೀಜ, ಇನ್ನೊಂದಕ್ಕೆ ಮನೆಯ ಬೀಜ ಹಾಕಿ ಕೊಯ್ಲಿನ ಹೊತ್ತಿಗೆ ನೋಡಿ ಎನ್ನುತ್ತಾನೆ. ಕೃಷಿ ವಿಶ್ವವಿದ್ಯಾಲಯದ ಪ್ರಾತ್ಯಕ್ಷಿಕೆ ತಾಕು ಇದಲ್ಲದೆ ಇನ್ನೇನು!

ಸಣ್ಣ ರೈತರು ಮಾತ್ರ ವಾಲ್ಟರನ ಮಾತು ಕೇಳಲಿಲ್ಲ. ಇಂಗ್ಲೆಂಡಿನ ದಾಖಲೆಗಳನ್ನು ಜಾಲಾಡಿದ ಇತಿಹಾಸಕಾರ ಜಾನ್ ಲ್ಯಾಂಗ್‌ಡನ್, ಕುದುರೆಯನ್ನು ಜಮೀನ್ದಾರರಿಗಿಂತ ಬೇಗ ಅಪ್ಪಿಕೊಂಡವರು ಸಾಮಾನ್ಯ ರೈತರೇ ಎಂದು ತೋರಿಸಿದರು. ಒಂದೇ ಪ್ರಾಣಿ ಸಾಕಬಲ್ಲವನಿಗೆ ಹಲುಬೆಗೂ ಗಾಡಿಗೂ ಸಂತೆಗೂ ಸಲ್ಲುವ ಪ್ರಾಣಿ ಬೇಕು. ವಯಸ್ಸಾದ ಕುದುರೆ ಅಗ್ಗಕ್ಕೂ ಸಿಗುತ್ತಿತ್ತು. ಬಡವರೇ ಹೊಸತಿಗೆ ಹಿಂಜರಿಯುತ್ತಾರೆ ಎಂಬ ಮಾತನ್ನು ಇಲ್ಲಿಯಾದರೂ ಹಿಂದಕ್ಕೆ ಪಡೆಯಬೇಕು.

ನೀರಿನಿಂದ ಕಸಿದ ನೆಲ

ಇದ್ದ ನೆಲವನ್ನು ಚೆನ್ನಾಗಿ ಉಳುವುದು ಒಂದು ದಾರಿ. ಇಲ್ಲದ ನೆಲವನ್ನು ಮಾಡಿಕೊಳ್ಳುವುದು ಇನ್ನೊಂದು. 1098ರಲ್ಲಿ ಫ್ರಾನ್ಸಿನ ಸೀತೋದಲ್ಲಿ ಶುರುವಾದ ಸಿಸ್ಟರ್ಶಿಯನ್ ಸನ್ಯಾಸಿಗಳು ಜನವಸತಿಯಿಂದ ದೂರದ ಜಾಗಗಳನ್ನು ಹುಡುಕಿಕೊಂಡು ಹೋಗಿ, ದುಡಿಮೆಗೆಂದೇ ಸೇರಿದ ಸಹೋದರರ ಕೈಯಲ್ಲಿ ಬೇಸಾಯ ಮಾಡಿಸಿದರು. ಯಾರ್ಕ್‌ಶೈರಿನ ಅವರ ಮಠಗಳ ಕುರಿ ಉಣ್ಣೆ ಇಟಲಿಯ ವ್ಯಾಪಾರಿಗಳ ಕೈ ಸೇರುತ್ತಿತ್ತು.

ಇನ್ನೂ ಗಟ್ಟಿಗರು ಹಾಲೆಂಡಿನವರು. ಜೌಗಿಗೆ ಕಾಲುವೆ ತೋಡಿ ನೀರು ಬಸಿದು ಹೊಲ ಮಾಡುವ ವಿದ್ಯೆ ಅವರಿಗೆ ಕರಗತ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ಹ್ಯಾಂಬರ್ಗ್-ಬ್ರೆಮೆನ್‌ನ ಆರ್ಚ್‌ಬಿಷಪ್ ಅವರನ್ನು ಕರೆಸಿ ತನ್ನ ಜೌಗು ನೆಲ ಕೊಟ್ಟ. ಕರಾರುಪತ್ರ ಉಳಿದಿದೆ. ಒಂದು ಹಿಡುವಳಿಗೆ ವರ್ಷಕ್ಕೆ ಒಂದು ಬೆಳ್ಳಿ ಪೆನ್ನಿ, ಬೆಳೆಯಲ್ಲಿ ಹನ್ನೊಂದನೆಯ ಸಿವುಡು. ಜೀತವಿಲ್ಲ, ತಮ್ಮೊಳಗಿನ ಜಗಳ ತಾವೇ ಬಗೆಹರಿಸಿಕೊಳ್ಳಬಹುದು. ಬಿಟ್ಟಿ ದುಡಿಮೆಯ ಊರುಗಳಿಂದ ಬಂದವರಿಗೆ ಇದು ಸ್ವರ್ಗದ ಕರೆಯಾಗಿ ಕೇಳಿಸಿರಬೇಕು.

ನೀರು ಬಸಿದ ಕೊಳೆಮಣ್ಣು ಒಣಗುತ್ತಾ ಕುಗ್ಗುತ್ತದೆ, ನೆಲ ಇಳಿಯುತ್ತದೆ. ಹಾಲೆಂಡಿನ ಎಷ್ಟೋ ಭಾಗ ಸಮುದ್ರಮಟ್ಟಕ್ಕಿಂತ ಕೆಳಗೆ ಹೋಗಲು ಈ ಮಧ್ಯಯುಗದ ಬೇಸಾಯವೂ ಕಾರಣ. ಮತ್ತೆ ಒಡ್ಡು, ಮತ್ತೆ ಒಟ್ಟು ದುಡಿಮೆ. ಹದಿಮೂರನೆಯ ಶತಮಾನದಲ್ಲೇ ದಾಖಲೆಗೆ ಬಂದ ರೈನ್‌ಲ್ಯಾಂಡ್ ನೀರಾಡಳಿತ ಮಂಡಳಿ ಇವತ್ತೂ ಕೆಲಸ ಮಾಡುತ್ತಿದೆ.

ಬಾಕ್ಸ್: ಗಾಳಿ ಯಾರಪ್ಪನದು?

*ಬೆಳೆದ ಧಾನ್ಯ ಬೀಸಬೇಕಲ್ಲ! ಡೂಮ್ಸ್‌ಡೇ ಸಮೀಕ್ಷೆಯೇ ಇಂಗ್ಲೆಂಡಿನಲ್ಲಿ 5,600ಕ್ಕೂ ಹೆಚ್ಚು ಗಿರಣಿಗಳನ್ನು ಎಣಿಸಿತ್ತು. ಹನ್ನೆರಡನೆಯ ಶತಮಾನದ ಕೊನೆಗೆ ಗಾಳಿಗಿರಣಿ ಬಂತು. 1191ರಲ್ಲಿ ಬರಿ ಸೇಂಟ್ ಎಡ್ಮಂಡ್ಸ್‌ನಲ್ಲಿ ಹರ್ಬರ್ಟ್ ಎಂಬ ಪಾದ್ರಿ ಸ್ವಂತಕ್ಕೊಂದು ಕಟ್ಟಿದ. ಮಠಾಧಿಪತಿ ಸ್ಯಾಮ್ಸನ್ ಕೆಂಡವಾದ. ಊರವರೆಲ್ಲ ಅಲ್ಲಿಗೆ ಹೋದರೆ ಮಠದ ಗಿರಣಿಯ ಗತಿ? ಗಾಳಿ ಎಲ್ಲರಿಗೂ ಸೇರಿದ್ದಲ್ಲವೇ ಎಂದು ಹರ್ಬರ್ಟ್ ವಾದಿಸಿದ. ಗಿರಣಿ ಕೆಡವುವವರೆಗೆ ರೊಟ್ಟಿ ಮುಟ್ಟುವುದಿಲ್ಲ ಎಂದು ಮಠಾಧಿಪತಿ ಶಪಥ ಹಾಕಿದ. ಹೆದರಿದ ಹರ್ಬರ್ಟ್ ಮಠದ ಆಳುಗಳು ಬರುವ ಮುಂಚೆ ತಾನೇ ಅದನ್ನು ಕೀಳಿಸಿಬಿಟ್ಟ. ಮಠದಲ್ಲೇ ಇದ್ದ ಜೋಸಲಿನ್ ಎಂಬಾತ ಬರೆದಿಟ್ಟಿದ್ದರಿಂದ ಈ ಜಗಳ ನಮಗೆ ಗೊತ್ತು.*

ತಿಂದವರು ಯಾರು?

ಇಷ್ಟೆಲ್ಲ ಬೆಳೆದ ರೈತ ಸುಖವಾಗಿದ್ದನೇ? ಕಣಕ್ಕೆ ಬಂದದ್ದರಲ್ಲಿ ಹತ್ತನೇ ಒಂದು ಚರ್ಚಿಗೆ. ಜೀತದ ರೈತನಾದರೆ ವಾರಕ್ಕೆ ಎರಡು ಮೂರು ದಿನ ಧಣಿಯ ಹೊಲದಲ್ಲಿ ಬಿಟ್ಟಿ ಕೆಲಸ. ಧಣಿಯ ಗಿರಣಿಯಲ್ಲೇ ಬೀಸಬೇಕು, ಬೀಸಿದ್ದಕ್ಕೆ ಹಿಟ್ಟಿನಲ್ಲಿ ಪಾಲು. ಹೆಚ್ಚಿದ ಬೆಳೆ ಪೇಟೆಗಳನ್ನು ಸಾಕಿತು, ಕ್ಯಾಥೆಡ್ರಲ್‌ಗಳನ್ನು ಎಬ್ಬಿಸಿತು, ಹೆಚ್ಚು ಮಕ್ಕಳನ್ನು ಬದುಕಿಸಿತು. 1086ರಲ್ಲಿ ಇಪ್ಪತ್ತು ಲಕ್ಷದ ಒಳಗಿದ್ದ ಇಂಗ್ಲೆಂಡಿನ ಜನಸಂಖ್ಯೆ 1300ರ ಹೊತ್ತಿಗೆ 45 ಲಕ್ಷ ದಾಟಿತೆಂದು ಅಂದಾಜು. ಎಷ್ಟೋ ಕುಟುಂಬಗಳ ಪಾಲಿಗೆ ಉಳಿದದ್ದು ಐದಾರು ಎಕರೆ.

ಇತಿಹಾಸಕಾರ ಲಿನ್ ವೈಟ್ 1962ರ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ ನೇಗಿಲು, ಕುದುರೆ, ಮೂರು ಹೊಲ ಸೇರಿ ಕೃಷಿ ಕ್ರಾಂತಿಯಾಯಿತು ಎಂದರು. ಇತ್ತೀಚೆಗೆ ಆಕ್ಸ್‌ಫರ್ಡ್‌ನ ಹೆಲೆನಾ ಹ್ಯಾಮರೊ ತಂಡ ಸುಟ್ಟು ಕರಿಕಾಗಿ ಉಳಿದ ಕಾಳು, ಕಳೆಗಿಡದ ಬೀಜ, ಎಳೆದೆಳೆದು ಸವೆದ ದನದ ಕಾಲ್ಮೂಳೆಗಳನ್ನು ಪರೀಕ್ಷಿಸಿತು. ಈ ಮೂರೂ ಒಂದೇ ಸಲ ಕಟ್ಟಾಗಿ ಬಂದದ್ದಲ್ಲ, ಒಂದೊಂದು ಸೀಮೆಗೆ ಒಂದೊಂದು ಕಾಲಕ್ಕೆ ತೆವಳುತ್ತಾ ಬಂದವು ಎಂಬುದು ಅವರಿಗೆ ಕಂಡ ಚಿತ್ರ. ಕ್ರಾಂತಿ ಎಂಬ ಮಾತಿಗಿಂತ ಈ ಚಿತ್ರವನ್ನೇ ನಾನು ಹೆಚ್ಚು ನಂಬುತ್ತೇನೆ. ರೈತ ಪಕ್ಕದ ಹೊಲ ನೋಡಿ ಕಲಿಯುವವನು.

ಅಷ್ಟರಲ್ಲಿ ಒಂದು ಗಂಟು ಬಿಗಿಯುತ್ತಿತ್ತು. ಬಾಯಿ ಹೆಚ್ಚಾದಂತೆ ಹುಲ್ಲುಗಾವಲನ್ನೂ ಉತ್ತರು. ಹುಲ್ಲು ಕಡಿಮೆಯಾದರೆ ದನ ಕಡಿಮೆ, ದನ ಕಡಿಮೆಯಾದರೆ ಗೊಬ್ಬರ ಕಡಿಮೆ, ಗೊಬ್ಬರವಿಲ್ಲದೆ ಬೆಳೆಯೂ ಕಡಿಮೆ. ಬಿಡಿಸುವ ಉಪಾಯ ಗೊತ್ತಿರಲಿಲ್ಲ ಎಂದಲ್ಲ. ಫ್ಲಾಂಡರ್ಸ್ ಮತ್ತು ಇಂಗ್ಲೆಂಡಿನ ಪೂರ್ವ ನಾರ್ಫೋಕ್‌ನಲ್ಲಿ ರೈತರು ಬೀಳು ಬಿಡುವುದನ್ನೇ ಬಹುಮಟ್ಟಿಗೆ ನಿಲ್ಲಿಸಿ, ಆ ಜಾಗಕ್ಕೆ ಬಟಾಣಿ, ಮೇವಿನ ಕಾಳು ಹಾಕಿ, ದನ ಕಟ್ಟಿ ಸಾಕಿ, ಗೊಬ್ಬರ ಹೊತ್ತು ಹಾಕುತ್ತಿದ್ದರು. ಅಲ್ಲಿನ ಇಳುವರಿಯನ್ನು ಉಳಿದ ಇಂಗ್ಲೆಂಡ್ ಮುಟ್ಟಲು ನಾಲ್ಕೈದು ಶತಮಾನ ಬೇಕಾಯಿತು. ಆದರೆ ಆ ಬೇಸಾಯಕ್ಕೆ ಅಗ್ಗದ ಕೈಗಳು ಬೇಕು, ಹತ್ತಿರದಲ್ಲಿ ಕೊಳ್ಳುವ ಪೇಟೆ ಬೇಕು. ಎಲ್ಲ ಕಡೆ ಅವು ಇರಲಿಲ್ಲ.

1315ರ ವಸಂತದಲ್ಲಿ ಮಳೆ ಶುರುವಾಯಿತು, ನಿಲ್ಲಲಿಲ್ಲ. ಬೀಜ ಕೊಳೆಯಿತು, ಹುಲ್ಲು ಒಣಗಲಿಲ್ಲ, ಉಪ್ಪು ಕೂಡ ಆರಲಿಲ್ಲ. ಆ ಆಗಸ್ಟಿನಲ್ಲಿ ಸೇಂಟ್ ಆಲ್ಬನ್ಸ್‌ಗೆ ಬಂದ ಇಂಗ್ಲೆಂಡಿನ ದೊರೆ ಎರಡನೆಯ ಎಡ್ವರ್ಡನ ಪರಿವಾರಕ್ಕೇ ರೊಟ್ಟಿ ಸಿಗುವುದು ಕಷ್ಟವಾಯಿತು. ಮುಂದಿನ ವರ್ಷವೂ ಅದೇ ಮಳೆ. ಉತ್ತರ ಯುರೋಪಿನಲ್ಲಿ ಸುಮಾರು ಹತ್ತರಲ್ಲಿ ಒಬ್ಬರು ಸತ್ತರೆಂದು ಅಂದಾಜು. 1319ರಲ್ಲಿ ಇಂಗ್ಲೆಂಡಿಗೆ ದನಗಳ ಪಿಡುಗು ಬಡಿದು ಎರಡು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ರಾಸುಗಳು ಹೋದವು. ಎಂಟು ಎತ್ತು ಕೂಡಿಸುತ್ತಿದ್ದ ಊರುಗಳಲ್ಲಿ ಉಳಲು ಎತ್ತೇ ಇಲ್ಲ.

1348ರಲ್ಲಿ ಪ್ಲೇಗು ಬಂತು. ಉಳಿದವರಿಗೆ ನೆಲ ಹೆಚ್ಚಾಯಿತು, ಕೂಲಿ ಏರಿತು. ಕೂಲಿ ಏರದಂತೆ 1351ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿತು, ಕೂಲಿಯವರು ಅದನ್ನು ಲೆಕ್ಕಕ್ಕಿಡಲಿಲ್ಲ. ಕಷ್ಟಪಟ್ಟು ಉತ್ತ ಎಷ್ಟೋ ಹೊಲಗಳು ಮತ್ತೆ ಹುಲ್ಲಾಗಿ ಕುರಿಗೆ ಹೋದವು. 1300ರಲ್ಲಿ ಇಂಗ್ಲೆಂಡಿನ ಹೊಲಗಳು ಸಾಕುತ್ತಿದ್ದಷ್ಟು ಜನ ಆ ನಾಡಿನಲ್ಲಿ ಮತ್ತೆ ಕಾಣಿಸಿಕೊಂಡದ್ದು ಹದಿನೇಳನೆಯ ಶತಮಾನದಲ್ಲಿ.